ಏಳನೇ ಮೇಜಿನ ತಲೆ

ಆಗಸ್ಟ್ 4

ಅಣ್ಣನಿಗೆ,

ಫೋನಿನಲ್ಲಿ ನಿನ್ನ ಬಾಯಿಂದ "ಹೂಂ" ಬಿಟ್ಟರೆ ಬೇರೆ ಅಕ್ಷರ ಹೊರಡುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಬರೆಯಬೇಕು. ಅತ್ತಿಗೆಯ ಕೈಯಲ್ಲಿ ಬರೆಸಿ ತಪ್ಪಿಸಿಕೊಳ್ಳಬೇಡ.

ರೂಮು ಸಿಕ್ಕಿದೆ. ಕೆಳಗಡೆ ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿ, ಮೇಲೆ ನಾನು. ಹಗಲೆಲ್ಲ ನೆಲದ ಹಲಗೆಗಳ ಸಂದಿಯಿಂದ ಹಬೆ ಏಳುತ್ತದೆ. ಸೋಪಿನ ವಾಸನೆ. ನಮ್ಮ ಮಾಂಸದಂಗಡಿಯ ವಾಸನೆಗಿಂತ ವಾಸಿ, ಬೇಜಾರು ಮಾಡಿಕೊಳ್ಳಬೇಡ.

ತರಗತಿಯಲ್ಲಿ ನಾವು ನಲವತ್ತು ಜನ. ಉಳಿದವರಿಗೆಲ್ಲ ಹತ್ತೊಂಬತ್ತು, ಇಪ್ಪತ್ತು. ನನಗೆ ಮೂವತ್ತಮೂರು. ಎಲ್ಲರೂ "ಅಕ್ಕ" ಎನ್ನುತ್ತಾರೆ, ಪೆನ್ನು ಬೇಕಾದಾಗ ಮಾತ್ರ. ಹನ್ನೊಂದು ವರ್ಷ ಬಟ್ಟೆಯಂಗಡಿಯಲ್ಲಿ ಮೀಟರು ಹಿಡಿದವಳು ಈಗ ಹಲ್ಲು ಶುಚಿ ಮಾಡುವುದನ್ನು ಕಲಿಯಲು ಬಂದಿದ್ದಾಳೆ ಎಂದರೆ ಅವರಿಗೆ ತಮಾಷೆ.

ಮೊದಲ ದಿನವೇ ಒಬ್ಬರ ಬಾಯೊಳಗೆ ಇನ್ನೊಬ್ಬರು ಕನ್ನಡಿ ಹಾಕಿ ನೋಡಿದೆವು. ನನ್ನ ಜೊತೆಗಾತಿ ಸದಾ ಲವಂಗ ಕಚ್ಚುತ್ತಾಳೆ, ಹಾಗಾಗಿ ಅವಳನ್ನು ಎಲ್ಲರೂ ಲವಂಗ ಎಂದೇ ಕರೆಯುತ್ತಾರೆ. ನೋಡಲು ಗೊಂಬೆಯಂತಿದ್ದಾಳೆ. ಬಾಯಿ ತೆರೆದರೆ ನಾಲಿಗೆಯ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಪದರ, ಹಿಂದಿನ ಹಲ್ಲಿನ ಸಂದಿಯಲ್ಲಿ ನಿನ್ನೆಯ ಊಟ. ನಾನು ಮುಖ ತಿರುಗಿಸಿದೆ. ಅವಳು ನನ್ನ ಬಾಯಿ ನೋಡಿ ಏನೂ ಹೇಳಲಿಲ್ಲ. ಅದು ಇನ್ನೂ ಕೆಟ್ಟದ್ದು.

ಮುಂದಿನ ತಿಂಗಳಿಂದ ತಲೆ ಮತ್ತು ಕತ್ತಿನ ರಚನೆಯ ಪಾಠ. ಪುಸ್ತಕ ಎತ್ತಿದರೆ ಮೊಣಕೈ ನೋಯುತ್ತದೆ. ಅತ್ತಿಗೆಗೆ ಕೇಳಿದೆನೆಂದು ಹೇಳು.

ತಂಗಿ


ಆಗಸ್ಟ್ 21

ಮೂಗುಮುಚ್ಚಿಗೆ,

ಬರೆಯುತ್ತಿದ್ದೇನೆ. ಕೈಬರಹ ಓದಲಾಗದಿದ್ದರೆ ನನ್ನನ್ನು ಬಯ್ಯಬೇಡ.

ಕೆಲಸ ಯಾವುದಾದರೇನು, ಕಲಿ. ಚಿಕ್ಕವಳಿದ್ದಾಗ ಅಂಗಡಿ ದಾಟುವಾಗ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಅಪ್ಪ ಕತ್ತಿ ಮಸೆಯುತ್ತ ಗಿರಾಕಿಗಳಿಗೆ ಹೇಳುತ್ತಿದ್ದ, "ಅಗೋ, ನಮ್ಮನೆ ಮಹಾರಾಣಿ ಹೋಗ್ತಿದ್ದಾಳೆ, ದಾರಿ ಬಿಡಿ" ಅಂತ. ಈಗ ಮಹಾರಾಣಿ ಬಂದು ನಿಂತದ್ದು ಎಲ್ಲಿ ನೋಡು. ಬಾಣಲೆಯಿಂದ ಬೆಂಕಿಗೆ.

ತಲೆಯ ವಿಷಯ ನನಗೂ ಸ್ವಲ್ಪ ಗೊತ್ತು. ದವಡೆ ಬಿಡಿಸಬೇಕಾದರೆ ಮೊದಲು ಕೆನ್ನೆಯ ದಪ್ಪ ಸ್ನಾಯು ಸಿಗುತ್ತದೆ. ಅಗಿಯುವುದು ಅದರಿಂದಲೇ. ಅದರ ಹಿಂದೆ ಕಿವಿಯ ಬುಡದಲ್ಲಿ ಮೆತ್ತನೆಯ ಗಂಟು, ಜೊಲ್ಲಿನದು. ಆಡಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಹಾಗಾಗಿ ಅಲ್ಲಿ ನಿನಗೆ ಅರ್ಧ ಕೆಲಸ ಉಳಿತಾಯ.

ಎಲ್ಲರೂ ಚೆನ್ನಾಗಿದ್ದೇವೆ.

ಅಣ್ಣ


ಸೆಪ್ಟೆಂಬರ್ 12

ಅಣ್ಣನಿಗೆ,

ನಿನ್ನ ಕಾಗದವನ್ನು ಲವಂಗಳಿಗೆ ಓದಿ ಹೇಳಿದೆ. "ನಿಮ್ಮಣ್ಣನ್ನೇ ಪಾಠಕ್ಕೆ ಕರೆಸಿ ಅಕ್ಕ" ಎಂದಳು.

ಇವತ್ತು ಮೊದಲ ಸಲ ನೆಲಮಾಳಿಗೆಯ ಕೋಣೆಗೆ ಇಳಿಸಿದರು. ಹತ್ತು ಉಕ್ಕಿನ ಮೇಜು, ಪ್ರತಿ ಮೇಜಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಒಂದು ತಟ್ಟೆ. ನಮ್ಮದು ಏಳನೆಯದು. ಮೇಡಂ ಬಟ್ಟೆ ತೆಗೆದರು. ತಲೆ, ಅಣ್ಣ. ಮೂಗಿನ ನಡುವೆ ಗರಗಸ ಹಾಕಿ ಸರಿಯಾಗಿ ಎರಡು ಹೋಳು ಮಾಡಿದ ಗಂಡಸಿನ ತಲೆ. ನೆನೆದು ಒಣಗಿದ ರಟ್ಟಿನ ಬಣ್ಣ. ನಾಲಿಗೆ ಎಂದರೆ ತೆಳ್ಳಗೆ ಚಪ್ಪಟೆ ಎಂದುಕೊಂಡಿದ್ದೆ. ಪಕ್ಕದಿಂದ ನೋಡಿದರೆ ಅದು ಮುಷ್ಟಿಯಷ್ಟು ದಪ್ಪದ ಮಾಂಸದ ಮುದ್ದೆ, ಗಂಟಲಿನವರೆಗೂ ತುರುಕಿಟ್ಟ ಹಾಗಿದೆ. ಕಿವಿಯಲ್ಲಿ ಕೂದಲು. ದವಡೆಯ ಮೇಲೆ ಎರಡು ದಿನದ ಗಡ್ಡ. ಚರ್ಮದ ಕೆಳಗಿನ ಹಳದಿ ಕೊಬ್ಬು ಕೈಗವಸಿಗೆ ಮೆತ್ತಿಕೊಂಡು ಒರೆಸಿದಷ್ಟೂ ಹರಡುತ್ತದೆ.

ಎಲ್ಲಕ್ಕಿಂತ ಹೇಸಿಗೆಯ ಮಾತು ಒಂದಿದೆ, ಯಾರಿಗೂ ಹೇಳಬೇಡ. ಅದನ್ನು ಕೆಡದಂತೆ ಇಡುವ ಔಷಧಿಯ ವಾಸನೆಗೆ ಹಸಿವಾಗುತ್ತದೆ. ಎಲ್ಲರಿಗೂ ಹಾಗೇ ಆಗುತ್ತದಂತೆ. ವಾಕರಿಕೆ ಬರುತ್ತಿರುವಾಗಲೇ ಹೊಟ್ಟೆ ಗುರ್‌ ಎನ್ನುತ್ತದೆ. ಹೊರಗೆ ಬಂದು ಎರಡು ಬನ್ನು ತಿಂದೆ, ಆಮೇಲೆ ಎರಡನ್ನೂ ಕಕ್ಕಿದೆ.

ಅದನ್ನು ನಾವು "ಮಾವ" ಎಂದು ಕರೆಯುತ್ತೇವೆ. ಲವಂಗ ಇಟ್ಟ ಹೆಸರು.

ತಂಗಿ


ಸೆಪ್ಟೆಂಬರ್ 25

ತಂಗಿಗೆ,

ಕಾಗದ ಬಂತು.

ಅದು ಯಾರದೆಂದು ಹೇಳುತ್ತಾರೆಯೇ? ಅದರ ಮನೆಯವರು ಯಾರು, ಏನು ಎಂಬುದು? ಕೆಲಸ ಮುಗಿದ ಮೇಲೆ ಏನು ಮಾಡುತ್ತಾರೆ? ಕೇಳಿ ತಿಳಿಸು.

ಹೆಸರಿಟ್ಟು ಕರೆಯಬೇಡ.

ಅಣ್ಣ


ಅಕ್ಟೋಬರ್ 9

ಅಣ್ಣನಿಗೆ,

ಏನು ಅಷ್ಟು ಗಂಭೀರ? ದಿನಕ್ಕೆ ಹತ್ತು ತಲೆ ಸೀಳಿ ಕೊಕ್ಕೆಗೆ ನೇತುಹಾಕುವವನು ನನಗೆ ನಯವಿನಯ ಕಲಿಸುತ್ತೀಯಾ? ಯಾರದೆಂದು ನಮಗೆ ಹೇಳುವುದಿಲ್ಲ. ನಾನು ಕೇಳಲೂ ಇಲ್ಲ. ಕೇಳಿದರೆ ನಾಳೆಯಿಂದ ಆ ಕೋಣೆಗೆ ಕಾಲಿಡಲು ನನ್ನಿಂದ ಆಗುವುದಿಲ್ಲ.

ಸ್ವಲ್ಪ ನಗು. ಮೊನ್ನೆ ಮೇಡಂ ಹೊರಗೆ ಹೋಗಿದ್ದಾಗ ನಾನು ಏನು ಮಾಡಿದೆ ಗೊತ್ತೇ? ಹಲ್ಲುಜ್ಜುವ ಬ್ರಷ್ಷನ್ನು ಅದರ ದವಡೆಯ ಮಧ್ಯೆ ಸಿಕ್ಕಿಸಿ, "ಮಾವ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಉಜ್ತೀರಾ?" ಎಂದೆ. ಲವಂಗ ಹಿಂದಿನಿಂದ ಗೊಗ್ಗರು ದನಿಯಲ್ಲಿ, "ಈಗ ಟೈಮೇ ಟೈಮು ಕಣಮ್ಮ" ಎಂದಳು. ಹತ್ತೂ ಮೇಜಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಆ ಹುಡುಗಿಯರು ನನ್ನ ಜೊತೆ ಕೂತು ಚಹಾ ಕುಡಿದರು. ಹೇಸಿಗೆಯನ್ನು ನಕ್ಕು ಕಳೆಯದಿದ್ದರೆ ಇನ್ನೇನು ಮಾಡಲಿ?

ಬೇಗ ಬರೆ.

ತಂಗಿ


ನವೆಂಬರ್ 20

ಅಣ್ಣನಿಗೆ,

ಆರು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಂಗಡಿಯ ಬಗ್ಗೆ ಆಡಿದ ಮಾತಿಗೆ ಮುನಿಸಿರಬೇಕು. ಫೋನು ಮಾಡಿದರೆ ಅತ್ತಿಗೆ, "ಅವರು ತಲೆ ಮಾರೋದು ಬಿಟ್ಟು ವರ್ಷದ ಮೇಲಾಯ್ತು, ನಿಂಗೆ ಗೊತ್ತಿಲ್ವಾ?" ಎಂದರು. ಗೊತ್ತಿರಲಿಲ್ಲ. ಗಿರಾಕಿಗಳು ಕಡಿಮೆಯಾದರೇ? ಹೇಳಬಾರದಿತ್ತೇ? ತಪ್ಪಾಯಿತು.

ನಾನು ಪರೀಕ್ಷೆಯಲ್ಲಿ ಫೇಲು. ತಲೆಯಲ್ಲಿ ಇಪ್ಪತ್ತು ಕಡೆ ಬಣ್ಣದ ಗುಂಡುಸೂಜಿ ಚುಚ್ಚಿಟ್ಟಿದ್ದರು. ಇದು ಯಾವ ನರ, ಇದು ಯಾವ ರಕ್ತನಾಳ, ಬರೆಯಬೇಕು. ಏಳು ಸರಿ ಬರೆದೆ. ಉಳಿದವು ನನಗೆ ಕಾಣಲೇ ಇಲ್ಲ, ಏಕೆಂದರೆ ಮಾರು ದೂರದಲ್ಲಿ ನಿಂತಿದ್ದೆ. ಮೇಡಂ ಎಲ್ಲರ ಮುಂದೆ ಹೇಳಿದರು: "ಮೂಗು ಹತ್ತಿರ ಬರದೆ ಕಣ್ಣು ಹತ್ತಿರ ಬರಲ್ಲಮ್ಮ." ಜನವರಿಯಲ್ಲಿ ಮತ್ತೆ ಕೂರಬೇಕು. ಅದರಲ್ಲೂ ಆಗದಿದ್ದರೆ ಗಂಟುಮೂಟೆ ಕಟ್ಟುವುದೇ.

ಒಂದು ಸಾಲು ಬರೆ. ಬೈದಾದರೂ ಬರೆ.

ತಂಗಿ


ಡಿಸೆಂಬರ್ 2

ತಂಗಿಗೆ,

ಅಂಗಡಿಯ ಮಾತಿಗೆ ನಾನು ಮುನಿಸಿಕೊಂಡಿಲ್ಲ. ಇದನ್ನು ಕೂತು ಓದು.

ಅಪ್ಪನನ್ನು ನಾವು ಸುಡಲೂ ಇಲ್ಲ, ಹೂಳಲೂ ಇಲ್ಲ. ಡಾಕ್ಟರಿಕೆ ಕಲಿಸುವ ಕಾಲೇಜಿಗೆ ಕೊಟ್ಟೆವು.

ಆಸ್ಪತ್ರೆಯಲ್ಲಿ ಕೊನೆಯ ತಿಂಗಳು ಕೆನ್ನೆಯ ಒಳಗಿನ ಕ್ಯಾನ್ಸರ್ ಹುಣ್ಣು ಹೊರಗೂ ತೂತಾಗಿತ್ತು. ಎರಡು ವರ್ಷ ಮೊದಲೇ ಯಾರಾದರೂ ಬಾಯಿ ತೆರೆಸಿ ನೋಡಿದ್ದರೆ ಬದುಕುತ್ತಿದ್ದರು ಎಂದು ಅಲ್ಲಿನ ಡಾಕ್ಟರು ಹೇಳಿದರು. ಅಪ್ಪ ಯಾರಿಗೂ ಬಾಯಿ ತೋರಿಸಿದವನಲ್ಲ, ನಿನಗೆ ಗೊತ್ತು. ಅವತ್ತೇ ಡಾಕ್ಟರಿಗೆ ಹೇಳಿದ: "ನಾನ್ ಹೋದ್ಮೇಲೆ ಇದನ್ನ ತಗೊಂಡ್ ಹೋಗಿ. ಕಲಿಯೋ ಮಕ್ಕಳಿಗೆ ತೋರಿಸಿ. ಹಿಂಗಿರುತ್ತೆ ಅಂತ ಗೊತ್ತಾಗ್ಲಿ." ಕಾಗದ ತರಿಸಿದರು. ಅಪ್ಪ ಹೆಬ್ಬೆಟ್ಟು ಒತ್ತಿದ, ನಾನು ಸಹಿ ಹಾಕಿದೆ.

ಸತ್ತ ದಿನ ಸಂಜೆ ನಾಲ್ಕಕ್ಕೆ ವ್ಯಾನು ಬಂತು. ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿದರು. ನಾನು ಆಡಿಗೆ ಕಟ್ಟುವ ಹಾಗೇ. ನೀನು ನಾಲ್ಕು ದಿನ ತಡವಾಗಿ ಬಂದೆ. "ಎಲ್ಲ ಮುಗೀತು" ಎಂದೆ. ಎಲ್ಲಿ, ಹೇಗೆ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಾರನೆಯ ವಾರ ಅಂಗಡಿ ತೆರೆದು ಮೊದಲ ತಲೆಯನ್ನು ಹಲಗೆಯ ಮೇಲಿಟ್ಟೆ. ಕತ್ತಿ ಎತ್ತಿದೆ, ಇಳಿಸಲಾಗಲಿಲ್ಲ. ಹಿತ್ತಲಿಗೆ ಹೋಗಿ ಕಕ್ಕಿದೆ. ಹದಿನಾರನೇ ವಯಸ್ಸಿನಿಂದ ಈ ಕೆಲಸ ಮಾಡುವವನು. ಅವತ್ತಿನಿಂದ ತಲೆ ಮಾರುವುದಿಲ್ಲ.

ನಿನ್ನ ಬ್ರಷ್ಷಿನ ಕತೆ ಓದಿದಾಗ ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ನಿನ್ನ ಮೇಲೆ. ಒಡಹುಟ್ಟಿದವಳ ಮೇಲೆ ಹಾಗಾಗಬಾರದು, ಆಯಿತು. ಅದಕ್ಕೇ ಬರೆಯಲಿಲ್ಲ.

ನಿಮ್ಮ ಕಾಲೇಜಲ್ಲ. ನಮ್ಮ ಕಡೆಯದು. ಅಷ್ಟಾದರೂ ನೆಮ್ಮದಿ ಇಟ್ಟುಕೋ.

ಅಣ್ಣ


ಡಿಸೆಂಬರ್ 11

ನೆಮ್ಮದಿ ಇಟ್ಟುಕೋ ಎಂದು ಹೇಗೆ ಬರೆದೆ?

ಹದಿನೆಂಟು ತಿಂಗಳು. ಅಪ್ಪ ಯಾವುದೋ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಕೆಳಗೆ. ಇಪ್ಪತ್ತು ವರ್ಷದ ಯಾರೋ ಅವನ ಬಾಯೊಳಗೆ ಕೈ ಹಾಕಿಕೊಂಡು. ನೀನು ಸಹಿ ಹಾಕಿ ಮನೆಗೆ ಬಂದು ನನಗೆ ಊಟ ಬಡಿಸಿದೆ. ನಾನು ಉಂಡೆ.

ನನಗೂ ನಿನ್ನ ಮೇಲೆ ಹೇಸಿಗೆ. ನಾನು ಬರೆಯುವವರೆಗೆ ಬರೆಯಬೇಡ.


ಫೆಬ್ರವರಿ 3

ಅಣ್ಣನಿಗೆ,

ಪಾಸಾದೆ. ಇಪ್ಪತ್ತಕ್ಕೆ ಹದಿನೇಳು.

ಡಿಸೆಂಬರಿನಲ್ಲಿ ಹತ್ತು ದಿನ ಆ ಕೋಣೆಗೆ ಇಳಿಯಲಿಲ್ಲ. ಬಿಟ್ಟು ಬರುವುದೆಂದು ಪೆಟ್ಟಿಗೆಗೆ ಬಟ್ಟೆ ತುಂಬಿದೆ. ಬಂದರೆ ನಿನ್ನ ಮುಖ ನೋಡಬೇಕಲ್ಲ ಎಂದು ಮತ್ತೆ ತೆಗೆದಿಟ್ಟೆ. ನಿಜ ಹೇಳುತ್ತಿದ್ದೇನೆ, ದೊಡ್ಡ ಮನಸ್ಸು ಮಾಡಿ ಉಳಿದವಳಲ್ಲ.

ಹನ್ನೊಂದನೇ ದಿನ ಮೇಡಂ ಹತ್ತಿರ ಹೋಗಿ ಏಳನೇ ಮೇಜಿನದು ಯಾರದೆಂದು ಕೇಳಿದೆ. ಹೆಸರು ಹೇಳುವಂತಿಲ್ಲ ಎಂದರು. ಪುಸ್ತಕ ತೆಗೆದು ನೋಡಿ ಇಷ್ಟು ಮಾತ್ರ ಹೇಳಿದರು: ಅರವತ್ತೆಂಟು ವರ್ಷ, ಬಸ್ಸಿನ ಡ್ರೈವರು, ಹೃದಯ ನಿಂತು ಸತ್ತವರು. "ಯಾಕಮ್ಮ?" ಎಂದರು. "ಸುಮ್ನೆ ಮೇಡಂ" ಎಂದೆ.

ಒಬ್ಬಳೇ ಹೋಗಿ ಬಟ್ಟೆ ತೆಗೆದೆ. ನನ್ನ ಮೂಗು ಅದರ ಕೆನ್ನೆಗೆ ತಾಗುವಷ್ಟು ಹತ್ತಿರ ಬಗ್ಗಿದೆ. ನೀನು ಹೇಳಿದ ಕಿವಿಯ ಬುಡದ ಮೆತ್ತನೆಯ ಗಂಟು ಸಿಕ್ಕಿತು. ಅದರೊಳಗೆ ಮುಖದ ನರ ಹೊಕ್ಕು ಐದು ಕವಲಾಗಿ ಹೊರಡುತ್ತದೆ. ಹಣೆಗೆ, ಕಣ್ಣಿಗೆ, ಕೆನ್ನೆಗೆ, ದವಡೆಯ ಅಂಚಿಗೆ, ಕತ್ತಿಗೆ. ದಾರದಷ್ಟು ತೆಳು. ಆ ಮನುಷ್ಯ ನಕ್ಕದ್ದು, ಮುಖ ಸಿಂಡರಿಸಿದ್ದು ಎಲ್ಲ ಆ ದಾರಗಳಿಂದ. ಅಸಹ್ಯ ಹೋಗಲಿಲ್ಲ ಅಣ್ಣ. ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಸುಳ್ಳು. ಬಾಯಲ್ಲಿ ಹುಳಿ ನೀರು ಬರುತ್ತಲೇ ಇತ್ತು, ನುಂಗಿಕೊಂಡು ಹೆಸರು ಕಲಿತೆ. ಹದಿನಾಲ್ಕು ದಿನ ಹಾಗೆ.

ಆಮೇಲೊಂದು ದಿನ ಲವಂಗ ಮತ್ತೆ ಬ್ರಷ್ಷು ತಂದಳು. ನಾನು ಅವಳ ಕೈಯಿಂದ ಕಿತ್ತುಕೊಂಡೆ.

"ಶುರು ಮಾಡಿದ್ದೇ ನೀವಲ್ವಾ ಅಕ್ಕ?" ಎಂದಳು.

"ಹೌದು. ಅದಕ್ಕೇ."

ಈಗ ಚಹಾಕ್ಕೆ ಯಾರೂ ಕರೆಯುವುದಿಲ್ಲ.

ನಿಜವಾದ ಬಾಯಿಗಳೂ ಶುರುವಾಗಿವೆ. ಮೊದಲನೆಯವನಿಗೆ ಐವತ್ತು ವರ್ಷ. ಹಲ್ಲಿನ ಹಿಂದೆ ಕಲ್ಲಿನಂತೆ ಗಟ್ಟಿಯಾದ ಪಾಚಿ, ಕೆರೆದರೆ ಕೊಳೆತ ಚರಂಡಿಯ ವಾಸನೆ, ಒಸಡಿನಿಂದ ಕೀವು. ಮುಗಿಸಿದೆ. ಅವನು ಹೋದ ಮೇಲೆ ಬಾತ್‌ರೂಮಿಗೆ ಓಡಿದೆ.

ಒಂದು ಕೇಳಬೇಕು. ಕೊನೆಕೊನೆಗೆ ನಾನು ಬಂದಾಗಲೆಲ್ಲ ಅಪ್ಪ ಬಾಯಿಗೆ ಟವೆಲು ಒತ್ತಿ ಗೋಡೆ ಕಡೆ ತಿರುಗುತ್ತಿದ್ದ. ಮಾತೂ ಆಡುತ್ತಿರಲಿಲ್ಲ. ಅಂಗಡಿಗೆ ಹೇಸಿ ಊರು ಬಿಟ್ಟವಳು ಎಂದು ಅವನಿಗೆ ನನ್ನ ಮೇಲೆ ಕೋಪವಿತ್ತೇ?

ತಂಗಿ


ಫೆಬ್ರವರಿ 14

ಮೂಗುಮುಚ್ಚಿಗೆ,

ಹದಿನೇಳು ಒಳ್ಳೆಯದು. ಅತ್ತಿಗೆ ಓಣಿಗೆಲ್ಲ ಹೇಳಿದಳು.

ಕೋಪವಲ್ಲ. ನೀನು ಬರುತ್ತೀಯೆಂದು ಗೊತ್ತಾದರೆ ಬೆಳಗಿನಿಂದ ನಾಲ್ಕು ಸಲ ಬಾಯಿ ತೊಳೆಸಿಕೊಳ್ಳುತ್ತಿದ್ದ. ನನ್ನನ್ನು ಹತ್ತಿರ ಕರೆದು, "ನೋಡು, ಇನ್ನೂ ನಾರುತ್ತಾ?" ಎಂದು ಕೇಳುತ್ತಿದ್ದ. ನಾರುತ್ತಿತ್ತು. "ಇಲ್ಲ" ಎನ್ನುತ್ತಿದ್ದೆ. ಅವನು ನಂಬುತ್ತಿರಲಿಲ್ಲ. "ಅವಳಿಗೆ ತಡ್ಕೊಳ್ಳೋಕಾಗಲ್ಲ, ಪಾಪ" ಎಂದು ಟವೆಲು ಕೇಳುತ್ತಿದ್ದ.

ಇದನ್ನೂ ನಾನು ಮೊದಲೇ ಹೇಳಬೇಕಿತ್ತು.

ಅಣ್ಣ


ಮೇ 11

ತಂಗಿಗೆ,

ಕಾಲೇಜಿನಿಂದ ಕಾಗದ ಬಂದಿದೆ. ಬರುವ ತಿಂಗಳಿಗೆ ಎರಡು ವರ್ಷ. ಅವರೇ ದಹನ ಮಾಡಿ ಬೂದಿ ಕೊಡುತ್ತಾರಂತೆ, ಮನೆಯವರು ಬಂದು ಪಡೆಯಬೇಕು.

ಇನ್ನೊಂದು ಹಾಳೆಯೂ ಇದೆ. ಅಪ್ಪನಿಗಿದ್ದ ರೋಗ ಅಷ್ಟು ಬೆಳೆದದ್ದು ಕಲಿಸಲು ಸಿಗುವುದು ಅಪರೂಪವಂತೆ. ತಲೆಯನ್ನು ಅವರೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದಾರೆ. ಎಷ್ಟು ವರ್ಷ ಎಂದಿಲ್ಲ. ಮಕ್ಕಳೆಲ್ಲರ ಸಹಿ ಬೇಕು.

ನಾನು ಹಾಕುವುದಿಲ್ಲ. ಕೊಟ್ಟದ್ದು ಸಾಕು. ಗಾಜಿನ ಜಾಡಿಯಲ್ಲಿ ಅಪ್ಪನನ್ನು ಇಡಲು ಒಪ್ಪಿದರೆ ನಾನು ಮನುಷ್ಯನೇ? ಹಾಳೆ ಕಳಿಸಿದ್ದೇನೆ. ಹರಿದು ಹಾಕು.

ಅಣ್ಣ


ಮೇ 22

ಅಣ್ಣನಿಗೆ,

ನಾನು ಸಹಿ ಹಾಕಿದ್ದೇನೆ.

ಹರಿಯಲೆಂದೇ ತೆಗೆದಿದ್ದೆ. ಮೂರು ದಿನ ಮೇಜಿನ ಮೇಲಿಟ್ಟುಕೊಂಡು ಕೂತೆ. ಇಲ್ಲಿಯವರೆಗೆ ಅರವತ್ತೆರಡು ಬಾಯಿ ನೋಡಿದ್ದೇನೆ. ಆ ರೋಗವನ್ನು ನೋಡಿರುವುದು ಪುಸ್ತಕದ ಚಿತ್ರದಲ್ಲಿ ಮಾತ್ರ, ತಿಳಿಗುಲಾಬಿ ಬಣ್ಣದಲ್ಲಿ, ಬಾಣದ ಗುರುತು ಹಾಕಿ. ನಾಳೆ ಅದು ನಿಜವಾಗಿ ಎದುರು ಬಂದರೆ ನನಗೆ ಗುರುತು ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. "ಹಿಂಗಿರುತ್ತೆ ಅಂತ ಗೊತ್ತಾಗ್ಲಿ" ಎಂದನಲ್ಲ ಅಪ್ಪ. ನಮಗೆ ಗೊತ್ತಾಗುತ್ತಿಲ್ಲ, ಅಣ್ಣ.

ಅಲ್ಲಿಯೂ ನನ್ನಂಥವರು ಇರುತ್ತಾರೆ. ನಗುತ್ತಾರೆ, ಹೆಸರಿಡುತ್ತಾರೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೇ ಹಾಕಿದೆ. ಜಾಡಿಯನ್ನು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ನಿನ್ನನ್ನು ಒತ್ತಾಯ ಮಾಡುವುದಿಲ್ಲ. ಹಾಳೆ ಇದರ ಜೊತೆಗಿದೆ. ನನ್ನ ಹೆಸರಿನ ಮೇಲೆ ನಿನ್ನ ಜಾಗ ಖಾಲಿ ಇದೆ.

ಬೂದಿ ತರಲು ನಾನೂ ಬರುತ್ತೇನೆ. ಜೂನ್ ಹದಿನಾಲ್ಕಕ್ಕೆ ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನ ಗೇಟಿನ ಹತ್ತಿರ ಇರುತ್ತೇನೆ.

ತಂಗಿ


ಜೂನ್ 18

ಅಣ್ಣನಿಗೆ,

ಕ್ಷೇಮವಾಗಿ ತಲುಪಿದೆ.

ಅವತ್ತು ಗೇಟಿನ ಹತ್ತಿರ ನೀನು ಜೇಬಿನಿಂದ ಹಾಳೆ ತೆಗೆದಾಗ ನಿನ್ನ ಸಹಿ ಇದ್ದದ್ದು ನೋಡಿದೆ. ಮಾತಾಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಆಮೇಲೆ ಕೌಂಟರಿನಲ್ಲಿ ಗುಮಾಸ್ತ ಪೆಟ್ಟಿಗೆ ಕೊಟ್ಟ. ನೀನು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಮೇಲೆ ಕೆಳಗೆ ಆಡಿಸಿ, ಗಿರಾಕಿಗೆ ಹೇಳುವ ದನಿಯಲ್ಲೇ "ತಲೆ ಬಿಟ್ಟು ಎರಡೂಕಾಲು" ಎಂದೆಯಲ್ಲ. ಗುಮಾಸ್ತನ ಮುಖ ಬಿಳಿಚಿಕೊಂಡಿತು. ನಿನ್ನ ಮುಖವೂ. ನನಗೆ ನಗು ಬಂತು, ಅಣ್ಣ. ತಡೆಯಲಾಗಲಿಲ್ಲ. ನೀನೂ ನಕ್ಕೆ. ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕೆವು, ಆಮೇಲೆ ನೀನು ಹೊರಗೆ ಹೋಗಿ ಚರಂಡಿಯ ಹತ್ತಿರ ಬಗ್ಗಿದೆ. ನಾನು ನಿನ್ನ ಬೆನ್ನು ನೀವುತ್ತ ನಿಂತಿದ್ದೆ. ಹಿಂದೆ ನಿನ್ನ ಅಂಗಿ ಮುಟ್ಟಲೂ ನನಗೆ ಆಗುತ್ತಿರಲಿಲ್ಲ.

ಬಸ್ಸಿನಲ್ಲೇ ಒಂದು ಮಾತು ಹೇಳಬೇಕೆಂದಿದ್ದೆ. ಪೆಟ್ಟಿಗೆ ನಿನ್ನ ತೊಡೆಯ ಮೇಲಿತ್ತು, ಅದರೆದುರು ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ಅಪ್ಪ ಹೋದಾಗ ಬಸ್ಸು ತಪ್ಪಿತು, ಮತ್ತೆ ಸೀಟು ಸಿಗಲಿಲ್ಲ ಎಂದು ಹೇಳಿದ್ದೆನಲ್ಲ. ಸುಳ್ಳು. ಅತ್ತಿಗೆ ಬೆಳಿಗ್ಗೆ ಏಳಕ್ಕೇ ಫೋನು ಮಾಡಿದ್ದರು. ಎಂಟಕ್ಕೆ ಬಸ್‌ಸ್ಟ್ಯಾಂಡಿನಲ್ಲಿದ್ದೆ, ಟಿಕೆಟ್ಟು ಕೈಯಲ್ಲಿತ್ತು. ಒಂದಾದ ಮೇಲೊಂದು ಮೂರು ಬಸ್ಸು ಹೋದವು. ಹತ್ತಲಾಗಲಿಲ್ಲ. ಆ ಕೆನ್ನೆಯ ತೂತು, ಆ ವಾಸನೆ, ಸತ್ತ ಮೇಲೆ ಇನ್ನೂ ಹೇಗಿರುತ್ತದೋ ಎಂದು ನೆನೆದೇ ವಾಕರಿಕೆ ಬರುತ್ತಿತ್ತು. ರೂಮಿಗೆ ವಾಪಸು ಹೋದೆ. ಎಲ್ಲ ಮುಗಿದಿರಲಿ ಎಂದು ಮೂರು ದಿನ ಬಾಗಿಲು ಹಾಕಿಕೊಂಡು ಮಲಗಿದೆ. ನಾಲ್ಕನೇ ದಿನ ಬಂದೆ.

ಎಲ್ಲಿ, ಹೇಗೆ ಎಂದು ನಾನು ಕೇಳದೆ ಇದ್ದದ್ದು ಅದಕ್ಕೇ. ನಿನ್ನ ಸುಳ್ಳಿಗೆ ಹದಿನೆಂಟು ತಿಂಗಳು ಎಂದು ಲೆಕ್ಕ ಹಾಕಿದೆ. ನನ್ನದು ಪೂರಾ ಎರಡು ವರ್ಷ.

ತಂಗಿ


ಜೂನ್ 29

ಮೂಗುಮುಚ್ಚಿಗೆ,

ಗೊತ್ತಿತ್ತು. ನಿನ್ನ ಆಗಿನ ಮನೆ ಒಡತಿ ಅವತ್ತೇ ಅತ್ತಿಗೆಗೆ ಫೋನು ಮಾಡಿ, "ಹುಡುಗಿ ರೂಮಲ್ಲೇ ಇದ್ದಾಳೆ, ಊಟ ಮಾಡ್ತಿಲ್ಲ" ಎಂದಿದ್ದಳು. ಅತ್ತಿಗೆ ಕರೆತರಲು ಹೋಗುತ್ತೇನೆಂದು ಎದ್ದಳು. ನಾನೇ ಬೇಡ ಎಂದೆ. ನೀನು ಬಂದಿದ್ದರೆ ವ್ಯಾನಿನ ವಿಷಯ ನಿನಗೆ ಹೇಳಬೇಕಾಗುತ್ತಿತ್ತು. ನೀನು ಬರದಿದ್ದದ್ದು ನನಗೆ ಅನುಕೂಲವೇ ಆಯಿತು. ಹಾಗಾಗಿ ಲೆಕ್ಕ ಹಾಕುತ್ತ ಕೂರಬೇಡ.

ಬೂದಿಯನ್ನು ಹಿತ್ತಲಿನ ಬೇಲಿಯ ಪಕ್ಕ ಇಟ್ಟು ಮಣ್ಣು ಮುಚ್ಚಿದೆವು. ಅಕ್ಕಪಕ್ಕದವರಿಗೆ ಈಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಇಬ್ಬರು ಅಂಗಡಿಗೆ ಬರುವುದು ಬಿಟ್ಟಿದ್ದಾರೆ. ಒಬ್ಬ ಮುದುಕ ಬಂದು ಆ ಕಾಲೇಜಿನ ವಿಳಾಸ ಬರೆಸಿಕೊಂಡು ಹೋದ.

ಮುಂದಿನ ತಿಂಗಳು ನಿನಗೆ ರಜೆ ಎಂದಿದ್ದೆ. ಬರುವಾಗ ನಿನ್ನ ಸಾಮಾನು ತಾ. ಆ ಸಣ್ಣ ಕನ್ನಡಿ, ಕೊಕ್ಕೆ, ದೀಪ, ಏನೇನಿದೆಯೋ ಎಲ್ಲ. ನನಗೆ ನೋವು ಗೀವು ಏನಿಲ್ಲ, ಹೆದರಬೇಡ. ನಲವತ್ತಾರು ವರ್ಷದಲ್ಲಿ ಈ ಬಾಯನ್ನು ಯಾರಿಗೂ ತೋರಿಸಿಲ್ಲ, ಅಷ್ಟೇ. ಒಳಗೆ ಏನೇನು ಸೇರಿಕೊಂಡಿದೆಯೋ ನನಗೇ ಗೊತ್ತಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಹೊರಗಿನ ಬೆಂಚಿನ ಮೇಲೆ ಬೆಳಕಿಗೆ ಕೂರುತ್ತೇನೆ. ಅತ್ತಿಗೆಯ ಎದುರು ಬೇಡ.

ಅಣ್ಣ